ಹಳೆಯ ಉಕ್ಕಿನ ಮೌಂಟನ್ ಬೈಕ್ ಮಾರಬೇಕೇ?

ನೀವು ಪತ್ರದಲ್ಲಿ ಹೇಳಿರುವ 1990ರ ದಶಕದ ಕ್ರೋಮೋಲಿ ಉಕ್ಕಿನ ಸೈಕಲ್ಲನ್ನು ಮಾರಬೇಡಿ. ಇದು ಬರೀ ಹಳೆಯದರ ಮೋಹದಿಂದ ಹೇಳುವ ಮಾತಲ್ಲ. ಮೌಂಟನ್ ಬೈಕ್ ಹುಟ್ಟಿದ್ದೇ ಕೈಗೆ ಸಿಕ್ಕಿದ್ದನ್ನು ಜೋಡಿಸುವ ಹುಮ್ಮಸ್ಸಿನಿಂದ: 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಮಾಲ್ಪಾಯಿಸ್ ಬೆಟ್ಟದ ಸುತ್ತಮುತ್ತ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಇಳಿಜಾರಿನಲ್ಲಿ ಓಡಿಸಿದವರೇ ಅದರ ಮೂಲಪುರುಷರು. ಆ ಗುಣ ನಿಮ್ಮ ಸೈಕಲ್ಲಿನಲ್ಲಿ ಇನ್ನೂ ಉಳಿದಿದೆ. ಅದರ ಬ್ರೇಕು, ಗೇರು ಎಲ್ಲವೂ ತಂತಿಯಿಂದಲೇ ನಡೆಯುತ್ತವೆ. ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಸಾಮಾನ್ಯ ಸಲಕರಣೆಗಳಲ್ಲೇ ಸರಿಹೋಗುತ್ತದೆ. ಸಸ್ಪೆನ್ಷನ್ ಇಲ್ಲದ್ದಾದರೆ ಅದರ ಸೀಲು, ಎಣ್ಣೆಗಳ ಉಪಚಾರವೂ ಬೇಕಿಲ್ಲ. ಉಕ್ಕಿನ ಚೌಕಟ್ಟು ಬಿರುಕು ಬಿಟ್ಟರೂ ನುರಿತ ಕೈ ಅದನ್ನು ಬೆಸೆಯಬಲ್ಲದು.

ಹೊಸ ಸೈಕಲ್ಲು ವೇಗ, ಸುರಕ್ಷತೆ ಎರಡರಲ್ಲೂ ಮೇಲು ಎಂಬ ನಿಮ್ಮ ಗೆಳೆಯರ ಮಾತು ಕಡಿದಾದ ಕಲ್ಲುದಾರಿಯಲ್ಲಿ ನಿಜ, ಅದನ್ನು ಒಪ್ಪಲೇಬೇಕು. ಹಳೆಯವುಗಳ ಹೆಡ್ ಆ್ಯಂಗಲ್ (ಹ್ಯಾಂಡಲ್ಲಿನ ಕೆಳಗಿನ ಕೊಳವೆ ನೆಲದೊಂದಿಗೆ ಮಾಡುವ ಕೋನ) ಸುಮಾರು 71 ಡಿಗ್ರಿ, ಇಂದಿನ ಟ್ರೇಲ್ ಬೈಕುಗಳದ್ದು 65ರ ಆಸುಪಾಸು. ಈ ಕೋನ ಕಡಿಮೆಯಾದಷ್ಟೂ ಮುಂದಿನ ಚಕ್ರ ದೂರ ಚಾಚುತ್ತದೆ, ಹಾಗೆ ಚಾಚಿದಷ್ಟೂ ಇಳಿಜಾರಿನಲ್ಲಿ ಮುಗ್ಗರಿಸುವ ಭಯ ಕಡಿಮೆ. 29 ಇಂಚಿನ ಚಕ್ರ 26 ಇಂಚಿನದಕ್ಕಿಂತ ಸಲೀಸಾಗಿ ಕಲ್ಲು ದಾಟುತ್ತದೆ. ಮಳೆಯಲ್ಲಿ ಹಳೆಯ ರಿಮ್ ಬ್ರೇಕು ಹೊಸ ಡಿಸ್ಕ್ ಬ್ರೇಕಿಗೆ ಸಮನಲ್ಲ. ಆದರೆ ನೀವು ಬರೆದಿರುವುದು ತೋಟದ ಮಣ್ಣುದಾರಿ, ಕೆರೆ ಏರಿ, ಪೇಟೆಯ ಓಡಾಟದ ಬಗ್ಗೆ. ಅಲ್ಲಿ ಹಳೆಯ ಸೈಕಲ್ಲಿನ ಆ ನೆಟ್ಟನೆಯ ಕೋನವೇ ಹ್ಯಾಂಡಲ್ಲಿಗೆ ಚುರುಕು ಕೊಡುತ್ತದೆ, ನೆಲದ ಏರುಪೇರು ಕೈಗೆ ತಿಳಿಯುತ್ತದೆ. ಬ್ರೇಕ್ ಪ್ಯಾಡ್, ತಂತಿ, ಟೈರುಗಳನ್ನು ಈ ವಾರವೇ ಬದಲಿಸಿ, ಬೆಸುಗೆಗಳ ಬಳಿ ತುಕ್ಕು, ಬಿರುಕು ಇದೆಯೇ ನೋಡಿಸಿ. ಮುಂದೆ ಬೆಟ್ಟದಿಂದ ರಭಸವಾಗಿ ಇಳಿಯುವ ಆಸೆ ಹುಟ್ಟಿದರೆ, ಆಗ ಹೊಸದನ್ನು ಕೊಳ್ಳಿ.