ಮೊದಲು ನೀರಿಗೆ ಥರ್ಮಾಮೀಟರ್ ಹಾಕು

ಕೂಸು, ಫಿಲ್ಮ್ ತೊಳೆಯೋಕೆ ಯಾವ ಡೆವಲಪರ್ ತರಲಿ ಮಾವ ಅಂತ ಗುಂಡ್ಲುಪೇಟೆಯಿಂದ ಫೋನ್ ಮಾಡಿದ್ದೆಯಲ್ಲ. ಡಬ್ಬಿ ಮೇಲಿರೋ ನಿಮಿಷವೆಲ್ಲ 20 ಡಿಗ್ರಿಯ ಲೆಕ್ಕ. ಏಪ್ರಿಲ್‌ನಲ್ಲಿ ಚಾಮರಾಜನಗರದ ನಮ್ಮನೆ ಟ್ಯಾಂಕಿನ ನೀರು 28ಕ್ಕೆ ಇಳಿದರೆ ಅದೇ ಪುಣ್ಯ.

ಒಂದು ಡಿಗ್ರಿ ಏರಿದರೆ ಸಮಯ ನೂರಕ್ಕೆ ಹತ್ತರಷ್ಟು ಇಳಿಯುತ್ತೆ. 5 ನಿಮಿಷದ ಒಳಗಾದರೆ ಡೆವಲಪರ್ ಎಲ್ಲ ಕಡೆ ಸಮನಾಗಿ ಹಿಡಿಯೋದಿಲ್ಲ, ಆಕಾಶದಲ್ಲಿ ಪಟ್ಟೆ ಬೀಳುತ್ತೆ. ಅದಕ್ಕೇ ಐಡಿ-11 ಇಲ್ಲವೇ ಡಿ-76 ತಗೋ, ಸಮಸಮ ನೀರು ಬೆರೆಸು. ಎರಡೂ ಹೆಚ್ಚುಕಡಿಮೆ ಒಂದೇ ಪಾಕ: ಮೆಟಾಲ್, ಹೈಡ್ರೊಕ್ವಿನೋನ್, ಸಲ್ಫೈಟ್, ಬೊರಾಕ್ಸ್. ಎಚ್‌ಪಿ5 ಫಿಲ್ಮಿಗೆ ನೀರು ಬೆರೆಸದ ಐಡಿ-11ರಲ್ಲಿ ಏಳೂವರೆ ನಿಮಿಷ, ಬೆರೆಸಿದರೆ 13. ಐಸ್ ಬೋಗುಣಿಯಲ್ಲಿ ಬಾಟಲಿ ಇಟ್ಟು 24ಕ್ಕೆ ಇಳಿಸಿಕೊಂಡರೆ ಸುಮಾರು 9 ನಿಮಿಷ ಕೈಯಲ್ಲಿರುತ್ತೆ.

ಫಿಲ್ಮ್ ಫಿಕ್ಸ್ ಮಾಡೋ ಹೈಪೋ, ತೊಳೆಯೋ ನೀರು ಎಲ್ಲಾ ಅದೇ ಬಿಸಿಗಿರಲಿ. ನಾನು ಅಸಡ್ಡೆ ಮಾಡಿ ಒಂದು ಮದುವೆ ರೋಲು ಕಳೆದೆ. ಮದುಮಗಳ ಕೆನ್ನೆ ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು! ಬೋರ್‌ವೆಲ್ ನೀರು ಗಡಸು. ಪುಡಿ ಕರಗಿಸೋ ಮೊದಲು ಕುದಿಸಿ, ಆರಿಸಿ, ಸೋಸಿಕೋ.

ರೋಡಿನಾಲ್ ಡೆವಲಪರಿಗೆ ಆಸೆ ಪಡಬೇಡ ಅನ್ನಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೆ ನಿಧಾನದ ಫಿಲ್ಮ್ ಒಯ್ದರೆ ಚೆನ್ನ. ಬಂಡೀಪುರದಲ್ಲಿ ಸಂಜೆ ಜಿಂಕೆ ತೆಗೆದ 400ರ ಫಿಲ್ಮಿಗೆ ಹಾಕಿದರೆ ಮಾತ್ರ ರಾಗಿ ಚೆಲ್ಲಿದ ಹಾಗೆ ಕಾಳು ಕಾಳು.

ಕರಿಕಲ್ಲಿನ ಪಕ್ಕ ಬಿಳಿ ಪಂಚೆಯವರನ್ನು ನಿಲ್ಲಿಸಿ ಒಂದು ರೋಲು ಪರೀಕ್ಷೆ ಮಾಡು. ಕಲ್ಲಿನ ಗೆರೆ ಬರದಿದ್ದರೆ ಬೆಳಕು ಸಾಲದು, ಅದಕ್ಕೆ ಯಾವ ಡೆವಲಪರೂ ಮದ್ದಲ್ಲ. ಪಂಚೆಯ ನೆರಿಗೆ ಪ್ರಿಂಟಿನಲ್ಲಿ ಕಾಣದಿದ್ದರೆ ಸಮಯ ಒಂದು ನಿಮಿಷ ಕಡಿಮೆ ಮಾಡು. ನಿನ್ನದು ಕಂಡೆನ್ಸರ್ ಎನ್ಲಾರ್ಜರ್; ಕಾಂಟ್ರಾಸ್ಟ್ ತಾನೇ ಹೆಚ್ಚಿಸುತ್ತೆ, ನೆಗೆಟಿವ್ ಮೆತ್ತಗೇ ಇರಲಿ.

ನಮ್ಮ ಕಾಲಕ್ಕೆ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಪೇಪರ್ ಇತ್ತು, ನಾಲ್ಕು ಹಾಳು ಮಾಡಿದರೂ ಎದೆ ಒಡೀತಿರಲಿಲ್ಲ. ಆ ಕಾರ್ಖಾನೆ ಮುಚ್ಚಿತು. ಈಗಿನ ವಿದೇಶಿ ಪೇಪರ್ ಮೇಲೆ ಪ್ರಯೋಗ ಮಾಡಿದರೆ ನಿಮ್ಮಪ್ಪ ನನ್ನನ್ನೇ ಬೈತಾನೆ.

ಹತ್ತು ರೋಲು ಒಂದೇ ಫಿಲ್ಮ್, ಒಂದೇ ಡೆವಲಪರ್. ಡಿಗ್ರಿ, ನಿಮಿಷ ನೋಟ್‌ಬುಕ್ಕಿನಲ್ಲಿ ಬರಿ. ಆಮೇಲೆ ನೆಗೆಟಿವ್ ತಗೊಂಡು ಬಸ್ ಹತ್ತಿ ಬಾ, ಕಿಟಕಿ ಬೆಳಕಿಗೆ ಹಿಡಿದು ನೋಡೋಣ.