ಸಹಿಗೆ ಮುಂಚೆ ಸಮಾಲೋಚನೆ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಸದಸ್ಯರಾದ ಪಾಲಕರು ಮೊದಲೇ ಬರೆದಿಟ್ಟ ಠರಾವಿಗೆ ಸಹಿ ಹಾಕಿ ಅದನ್ನೇ ಸಮಾಲೋಚನೆಯೆಂದು ತಿಳಿಯುವ ತಪ್ಪಿನಿಂದ ದೂರವಿರುವುದು ಒಳ್ಳೆಯದು. ನಿಜವಾದ ಸಮಾಲೋಚನೆಗೆ ಇಸ್ಲಾಮಿನ ಶೂರಾ ಒಂದು ಮಾದರಿ. ಶೂರಾ ಎಂದರೆ ಸಂಬಂಧಪಟ್ಟವರೊಡನೆ ವಿಚಾರಿಸಿ ತೀರ್ಮಾನಕ್ಕೆ ಬರುವ ಕ್ರಮ; 625ರ ಉಹುದ್ ಯುದ್ಧಕ್ಕೆ ಮುನ್ನ ಪ್ರವಾದಿ ಮುಹಮ್ಮದರು ಮದೀನಾದೊಳಗೇ ನಿಲ್ಲುವ ತಮ್ಮ ಒಲವನ್ನು ಬಿಟ್ಟು, ಹೊರಗೆ ಹೋಗಿ ಎದುರಿಸೋಣವೆಂದ ಬಹುಜನರ ಮಾತಿಗೆ ಒಪ್ಪಿದರೆಂದು ಪರಂಪರೆಯ ಚರಿತ್ರೆಕಾರರು ಹೇಳುತ್ತಾರೆ, ಅಲ್ಲಿ ಪೆಟ್ಟು ತಿಂದ ಮೇಲೂ ಕುರ್‌ಆನ್ (3:159) ಸಮಾಲೋಚನೆ ನಡೆಸಲೇ ಹೇಳಿತು. ಶಾಲಾ ಸಮಿತಿಯಲ್ಲೂ ಸಭೆಯ ವಿಷಯಗಳು ಸದಸ್ಯರಿಗೆ ಮುಂಚಿತವಾಗಿ ತಿಳಿಯಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆನ್ನುವುದರಿಂದ, ಕೂಲಿಗೆ ಹೋಗುವ ತಾಯಂದಿರು ಬರಬಹುದಾದ ವೇಳೆಯಲ್ಲೇ ಸಭೆ ಸೇರಲಿ. ಠರಾವು ಪುಸ್ತಕದ ಖಾಲಿ ಹಾಳೆಗಂತೂ ಯಾರೂ ಹೆಬ್ಬೆಟ್ಟು ಒತ್ತಬಾರದು.