ಮರುಕಳಿಸುವ ಕೆಚ್ಚಲು ಬಾವು ಮತ್ತು ಅದರ ಚಿಕಿತ್ಸಾಕ್ರಮ

ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಗಳಲ್ಲಿ ಬೇಸಾಯದೊಡನೆ ಹೈನೂ ರೈತರಿಗೆ ಆಧಾರವಾಗಿದೆ. ಪಾಲಾರಿನಂತಹ ಗಡಿಯ ಊರುಗಳಲ್ಲಿ ಒಂದೆರಡು ಹಸುಗಳನ್ನೇ ನಂಬಿದ ಸಂಸಾರಕ್ಕೆ ಒಂದು ಕೆಚ್ಚಲು ಕೆಟ್ಟರೂ ಆಗುವ ನಷ್ಟವು ಅಲ್ಪವಲ್ಲ. ಆದುದರಿಂದ ವಾಸಿಯಾದಂತೆ ತೋರಿ ಪುನಃ ಪುನಃ ಬರುವ ಕೆಚ್ಚಲು ಬಾವಿನ ವಿಷಯವನ್ನು ಇಲ್ಲಿ ವಿವರಿಸಿದೆ.

ಕಾರಣ.— ಈ ರೋಗವು ಮೊಲೆತೊಟ್ಟಿನ ರಂಧ್ರದ ಮೂಲಕ ಒಳಹೊಗುವ ಸೂಕ್ಷ್ಮಜೀವಿಗಳಿಂದ ಉಂಟಾಗುತ್ತದೆ. ಇವುಗಳಲ್ಲಿ ಸ್ಟ್ರೆಪ್ಟೊಕಾಕಸ್ ಅಗಲ್ಯಾಕ್ಷಿಯೆ ಎಂಬುದು ಸಾಮಾನ್ಯವಾಗಿ ಪೆನಿಸಿಲಿನ್ನಿಗೆ ಅಡಗುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬುದು ಹಾಗಲ್ಲ. ಅದು ಕೆಚ್ಚಲಿನ ಮಾಂಸದೊಳಗೆ ಸಣ್ಣ ಕೀವುಗಂಟುಗಳನ್ನು ಮಾಡಿಕೊಂಡು ಅಡಗಿರುತ್ತದೆ. ಔಷಧವು ಅಲ್ಲಿಗೆ ಸುಲಭವಾಗಿ ಮುಟ್ಟದು. ಅದರ ಕೆಲವು ತಳಿಗಳು 1928ರಲ್ಲಿ ಕಂಡುಹಿಡಿಯಲ್ಪಟ್ಟ ಪೆನಿಸಿಲಿನ್ನನ್ನೇ ಒಡೆದುಹಾಕುವ ಕಿಣ್ವವನ್ನು ತಯಾರಿಸುತ್ತವೆ.

ಲಕ್ಷಣ.— ಕೆಚ್ಚಲು ಊದಿ ಬಿಸಿಯಾಗುವುದು, ಹಸು ಕರೆಯಗೊಡದಿರುವುದು, ಹಾಲು ನೀರಾಗುವುದು ಅಥವಾ ಗರಣೆಗಟ್ಟುವುದು. ಪ್ರತಿದಿನವೂ ಪ್ರತಿ ತೊಟ್ಟಿನ ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿದರೆ ಗರಣೆಯು ಬೇಗನೆ ಗೊತ್ತಾಗುವುದು. ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ, ಅಥವಾ ಹಸು ಮೇವು ಬಿಟ್ಟು ಮಲಗಿದರೆ, ಅದೇ ದಿನ ವೈದ್ಯರನ್ನು ಕರೆಸತಕ್ಕದ್ದು. ದೂರದ ಊರಿನವರು 1962ನೆಯ ದೂರವಾಣಿ ಸಂಖ್ಯೆಗೆ ತಿಳಿಸಬಹುದು.

ಚಿಕಿತ್ಸೆ.— (1) ಔಷಧ ಹಾಕುವುದಕ್ಕೆ ಮುಂಚೆ ಶುದ್ಧವಾದ ಸೀಸೆಯಲ್ಲಿ ಹಾಲನ್ನು ಹಿಡಿದು ಪ್ರಯೋಗಶಾಲೆಗೆ ಕಳುಹಿಸುವಂತೆ ವೈದ್ಯರನ್ನು ಕೇಳಬೇಕು. ಯಾವ ಔಷಧಕ್ಕೆ ಸೂಕ್ಷ್ಮಜೀವಿಯು ಸಾಯುವುದೆಂಬುದು ಇದರಿಂದ ತಿಳಿಯುತ್ತದೆ.

(2) ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ತೆಗೆದು, ತೊಟ್ಟಿನ ತುದಿಯನ್ನು ಶುದ್ಧಮಾಡಿ, ವೈದ್ಯರು ಹೇಳಿದ ಔಷಧವನ್ನು ಹೇಳಿದಷ್ಟು ದಿನವೂ ಹಾಕಿಸಬೇಕು. ಊತ ಇಳಿದೊಡನೆ ನಿಲ್ಲಿಸುವುದೇ ರೋಗವು ಹಟಮಾರಿಯಾಗುವುದಕ್ಕೆ ಒಂದು ಮುಖ್ಯ ಕಾರಣವು.

(3) ಹಾಲಿರುವಾಗ ಗುಣವಾಗದ ಹಸುವಿಗೆ, ಹಾಲು ಬತ್ತಿಸುವ ದಿನ ಬಹುಕಾಲ ನಿಲ್ಲುವ ಔಷಧವನ್ನು ತೊಟ್ಟುಗಳಿಗೆ ಹಾಕಿಸಬಹುದು. ಆಗ ಔಷಧವು ಹಾಲಿನೊಡನೆ ಹೊರಹೋಗದೆ ಒಳಗೇ ನಿಲ್ಲುವುದರಿಂದ ಗುಣ ಹೆಚ್ಚು.

(4) ಇಷ್ಟಕ್ಕೂ ಬಗ್ಗದಿದ್ದರೆ, ವೈದ್ಯರ ಸಲಹೆಯಂತೆ ಆ ಒಂದು ತೊಟ್ಟಿನ ಭಾಗವನ್ನು ಬತ್ತಿಸಿಬಿಡುವುದು ಮೇಲು. ರೋಗದ ಹಸುವನ್ನು ಯಾವಾಗಲೂ ಕಡೆಯಲ್ಲಿ ಕರೆಯಬೇಕು.

ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಕೆಚ್ಚಲಿಗೆ ಲೇಪಿಸುವ ಕ್ರಮವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಪ್ರಚಾರಮಾಡಿದೆ. ಆರಂಭದ ಬಾವಿಗೆ ಇದು ಸಹಾಯಕವಾದರೂ, ಜ್ವರವಿರುವ ಹಸುವಿಗೆ ಇದೊಂದನ್ನೇ ನಂಬಿ ಕೂರಲಾಗದು.

ಎಚ್ಚರಿಕೆ.— ಔಷಧ ಹಾಕಿದ ಹಸುವಿನ ಹಾಲನ್ನು ವೈದ್ಯರು ಹೇಳಿದ ಅವಧಿಯವರೆಗೆ ಡೈರಿಗಾಗಲಿ ಮನೆಗಾಗಲಿ ಬಳಸಕೂಡದು. ಕಾಯಿಸಿದರೂ ಔಷಧದ ಅಂಶವು ಪೂರ್ತಿ ಹೋಗುವುದಿಲ್ಲ. ಅಂಗಡಿಯಿಂದ ತಾನಾಗಿ ಔಷಧ ತಂದು ಅರ್ಧಂಬರ್ಧ ಹಾಕಿದರೆ, ಅದಕ್ಕೆ ಬಗ್ಗದ ಸೂಕ್ಷ್ಮಜೀವಿಗಳು ಉಳಿದು ಬೆಳೆಯುವುವು. ಅವು ಮನುಷ್ಯರಿಗೂ ತಗುಲಬಹುದು. ಈ ಭಯದಿಂದಲೇ ಭಾರತ ಸರ್ಕಾರವು 2019ರಲ್ಲಿ, ಮನುಷ್ಯರಿಗೆ ಕಡೆಯ ಆಯುಧದಂತಿರುವ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ನಿಷೇಧಿಸಿತು.

ನಿವಾರಣೆ.— ಕರೆಯುವವರು ಕೈ ತೊಳೆದುಕೊಳ್ಳಬೇಕು. ಕೊಟ್ಟಿಗೆಯ ನೆಲವು ಒಣಗಿರಬೇಕು. ಕರೆದ ಮೇಲೆ ಪ್ರತಿ ತೊಟ್ಟನ್ನೂ ವೈದ್ಯರು ಸೂಚಿಸಿದ ಅಯೊಡಿನ್ ದ್ರಾವಣದಲ್ಲಿ ಅದ್ದಬೇಕು. ತೊಟ್ಟಿನ ರಂಧ್ರವು ಮುಚ್ಚುವವರೆಗೆ ಹಸುವು ಮಲಗದಂತೆ ಮುಂದೆ ಮೇವು ಹಾಕಬೇಕು. ಇಷ್ಟನ್ನು ದಿನವೂ ತಪ್ಪದೆ ನಡೆಸಿದ ರೈತನ ಕೊಟ್ಟಿಗೆಗೆ ಈ ರೋಗವು ಸುಲಭವಾಗಿ ಕಾಲಿಡದು.